ತ್ರಾಪಿಜ್ಯಕ್ಕೆ ಮುಖವಿಲ್ಲ

ನನಗೆ ಯಾರೂ ಗೊಂಬೆ ಕೊಡಿಸಿದವರಿಲ್ಲ. ನಮ್ಮ ಮನೆಯಲ್ಲಿ ಆಟದ ಸಾಮಾನು ಅಂತ ಇದ್ದದ್ದು ರಟ್ಟಿನ ಚೂರುಗಳು. ಅಪ್ಪ ಊರಿನ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ನಮ್ಮೂರು ಸಾಲಿಗ್ರಾಮಕ್ಕೆ ಹತ್ತಿರ. ಸುತ್ತ ಭತ್ತದ ಬಯಲು, ಬಯಲಿನ ನಡುವೆ ಕಾವೇರಿಯಿಂದ ಬರುವ ನಾಲೆ. ಅಪ್ಪ ಕೃಷ್ಣರಾಜನಗರಕ್ಕೆ ಹೋದಾಗಲೆಲ್ಲ ಜವಳಿ ಅಂಗಡಿಯಲ್ಲಿ ಖಾಲಿ ರಟ್ಟಿನ ಪೆಟ್ಟಿಗೆ ಕೇಳಿ ತರುತ್ತಿದ್ದ. ಬೇರೆ ಮಕ್ಕಳ ಅಪ್ಪಂದಿರು ಕಡ್ಲೆಪುರಿ, ಬತ್ತಾಸು ಹಿಡಿದು ಬಸ್ಸಿಳಿದರೆ ನಮ್ಮಪ್ಪ ಮುರುಕಲು ಪೆಟ್ಟಿಗೆ ಹೊತ್ತುಕೊಂಡು ಇಳಿಯುತ್ತಿದ್ದ. ಅಮ್ಮನಿಗೆ ಬೀದಿಯಲ್ಲಿ ತಲೆ ಎತ್ತಲಾಗುತ್ತಿರಲಿಲ್ಲ. ಅಪ್ಪನಿಗೆ ಅದರ ಪರಿವೆಯೇ ಇರಲಿಲ್ಲ.

ಸಂಜೆ ಜಗಲಿಯ ಮೇಲೆ ಕೂತು, ಅಮ್ಮನ ಕತ್ತರಿಯನ್ನು ಕೇಳದೆ ತೆಗೆದುಕೊಂಡು, ಆ ಪೆಟ್ಟಿಗೆಗಳನ್ನು ತ್ರಿಕೋನ, ಚೌಕ, ಆಯತ, ವೃತ್ತ ಅಂತ ಕತ್ತರಿಸುತ್ತಿದ್ದ. ಮಾರನೆಯ ದಿನ ಅವು ಸ್ಕೂಲಿಗೆ ಹೋಗುತ್ತಿದ್ದವು. ಸೊಟ್ಟ ಬಂದವು ನನ್ನ ಪಾಲಿಗೆ ಉಳಿಯುತ್ತಿದ್ದವು. ಹಾಗಾಗಿ ನಾನು ಬೆಳೆದದ್ದೆಲ್ಲ ಸೊಟ್ಟ ಆಕಾರಗಳ ನಡುವೆ ಎಂದು ಈಗಲೂ ಹೇಳಿಕೊಳ್ಳುತ್ತೇನೆ.

ಅಪ್ಪನಿಗೆ ಒಂದೊಂದು ಆಕಾರದ ಮೇಲೂ ಒಂದೊಂದು ಅಭಿಪ್ರಾಯವಿತ್ತು, ನೆಂಟರ ಮೇಲೆ ಇರುವ ಹಾಗೆ. ತ್ರಿಕೋನ ಕಂಡರೆ ಬಹಳ ಗೌರವ. ಅದರ ಮೂರು ಮೂಲೆಗಳನ್ನು ಹರಿದು ಪಕ್ಕಪಕ್ಕ ಜೋಡಿಸಿದರೆ ನೆಟ್ಟಗೆ ಒಂದು ಗೆರೆಯಾಗುತ್ತದೆ. ತ್ರಿಕೋನ ಉದ್ದವಿರಲಿ, ಕುಳ್ಳಗಿರಲಿ, ಹಾಗೇ ಆಗುತ್ತದೆ. ಇದನ್ನು ನನಗೆ ಮೊದಲ ಸಲ ತೋರಿಸಿದಾಗ ಅಪ್ಪನ ಮುಖ ನೋಡಬೇಕಿತ್ತು, ತಾನೇ ಕಂಡುಹಿಡಿದವನ ಹಾಗೆ. ಆಮೇಲೆ ಮೂರು ಬಿದಿರು ಕಡ್ಡಿಗಳನ್ನು ಮೂಲೆಗಳಲ್ಲಿ ಮೊಳೆ ಹೊಡೆದು ಸೇರಿಸಿ ನನ್ನ ಕೈಗೆ ಕೊಟ್ಟು, “ಅಲ್ಲಾಡಿಸು ನೋಡೋಣ” ಎಂದ. ಅಲ್ಲಾಡಲಿಲ್ಲ. ನಾಲ್ಕು ಕಡ್ಡಿಯ ಚೌಕ ಕೊಟ್ಟ. ಅದನ್ನು ಮುಟ್ಟಿದರೆ ಸಾಕು, ಒಂದು ಕಡೆಗೆ ವಾಲಿ ವಜ್ರದ ಆಕಾರವಾಗಿಬಿಡುತ್ತಿತ್ತು. ಬದಿಗಳೆಲ್ಲ ಸಮವೇ, ಆದರೆ ಮೂಲೆಗಳು ನಿಲ್ಲುವುದಿಲ್ಲ. ಎದುರುಬದುರು ಮೂಲೆಗಳಿಗೆ ಅಡ್ಡಲಾಗಿ ಒಂದು ಕಡ್ಡಿ ಹೊಡೆದಾಗ ಮಾತ್ರ ಗಟ್ಟಿಯಾಗಿ ನಿಂತಿತು. “ನೋಡ್ದಾ, ಚೌಕದೊಳಗೆ ತ್ರಿಕೋನ ಕೂತ್ಮೇಲೆ ಸರಿಹೋಯ್ತು. ಆ ಅಡ್ಡಕಡ್ಡಿಗೇ ಕರ್ಣ ಅನ್ನೋದು” ಎಂದ.

ಎಲ್ಲ ಆಕಾರಗಳಿಗೂ ನಿಜವಾದ ಗಿರಾಕಿ ನನ್ನ ತಮ್ಮ. ನಮಗಿಬ್ಬರಿಗೂ ವಯಸ್ಸಿನಲ್ಲಿ ಬಹಳ ಅಂತರ. ನಡುವೆ ಹುಟ್ಟಿದ ಎರಡು ಕೂಸುಗಳು ಉಳಿಯಲಿಲ್ಲವಾದ್ದರಿಂದ ಇವನನ್ನು ಮನೆಯಲ್ಲಿ ಅಂಗೈಯಲ್ಲಿಟ್ಟುಕೊಂಡು ಸಾಕಿದರು. ಅವನಿಗೆ ರಟ್ಟು ಸಿಕ್ಕರೆ ಬಾಯಿಗೆ. ಚೌಕದ ನಾಲ್ಕು ಮೂಲೆಯನ್ನೂ ಜಗಿದು ಮೆತ್ತಗೆ ಮಾಡಿ, ಕೊನೆಗೆ ಹೆಚ್ಚುಕಡಿಮೆ ವೃತ್ತದಂಥ ಏನನ್ನೋ ಅಪ್ಪನಿಗೆ ವಾಪಸು ಕೊಡುತ್ತಿದ್ದ. ಮೂಲೆ ಇರುವುದು ಅವನಿಗೆ ಬೇಡ, ಚುಚ್ಚುತ್ತದೆ. ವೃತ್ತ ಕಂಡರೆ “ಲೊಟ್ಟಿ, ಲೊಟ್ಟಿ” ಎಂದು ಎರಡು ಕೈಯಲ್ಲೂ ಹಿಡಿದು ಎದೆಗೆ ಒತ್ತಿಕೊಳ್ಳುತ್ತಿದ್ದ. ಅಪ್ಪ ನಗುತ್ತ, “ಇವ್ನು ನನ್ನ ಅತ್ಯುತ್ತಮ ವಿದ್ಯಾರ್ಥಿ, ಮೂಲೆ ಇಲ್ಲದ್ದು ಯಾವುದು ಅಂತ ಒಂದ್ಸಲಾನೂ ತಪ್ಪಿಲ್ಲ” ಎನ್ನುತ್ತಿದ್ದ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತಿತ್ತು.

ಆ ಹೊತ್ತಿಗೆ ಹಳೆಯ ಮನೆ ಪಾಲಾಗಿ ನಮಗೆ ಊರ ಅಂಚಿನಲ್ಲಿ ಒಂದು ನಿವೇಶನ ಬಂತು. ರಸ್ತೆಯ ಕಡೆ ಅಗಲ, ಹಿಂದೆ ನಾಲೆಯ ಏರಿಯ ಕಡೆ ಕಿರಿದು. ಎರಡು ಪಕ್ಕದ ಬೇಲಿಗಳು ಹಿಂದಕ್ಕೆ ಹೋಗುತ್ತ ಹೋಗುತ್ತ ಹತ್ತಿರ ಸರಿಯುತ್ತಿದ್ದವು. ಅಪ್ಪ ನನ್ನ ಕೈಗೆ ಟೇಪಿನ ಒಂದು ತುದಿ ಕೊಟ್ಟು ನಾಲ್ಕೂ ಕಡೆ ಅಳೆದು, ಹಿಗ್ಗಿ ಹೀರೇಕಾಯಿಯಾದ. ಎದುರುಬದುರಿನ ಎರಡು ಬದಿ ಸಮಾನಾಂತರ, ಉಳಿದೆರಡು ಅಲ್ಲ: ಪುಸ್ತಕದಲ್ಲಿ ಇದಕ್ಕೆ ತ್ರಾಪಿಜ್ಯ ಎಂದು ಹೆಸರು. “ಇಷ್ಟು ಚೊಕ್ಕವಾದ ತ್ರಾಪಿಜ್ಯ ತಾಲ್ಲೂಕಲ್ಲೇ ಇಲ್ಲ” ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ. ಕೇಳಿದವರು ಏನೋ ಒಳ್ಳೆಯ ಜಾತಿಯ ಎತ್ತು ಕೊಂಡಿರಬೇಕು ಎಂದುಕೊಂಡರೇನೋ.

ಅಜ್ಜಿ ಬಂದು ನೋಡಿದಳು. ಅಜ್ಜಿ ಎಂದರೆ ಅಪ್ಪನ ತಾಯಿ. ಹಣೆ ತುಂಬ ವಿಭೂತಿ, ಸೊಂಟದಲ್ಲಿ ಎಲೆಅಡಿಕೆ ಸಂಚಿ, ಮನೆಯಲ್ಲಿ ಅವಳ ಮಾತೇ ಕೊನೆಯ ಮಾತು. ರಸ್ತೆಯಲ್ಲಿ ನಿಂತು ಒಂದು ಸಲ ನೋಡಿದಳು, ಏರಿಯ ಮೇಲೆ ನಿಂತು ಒಂದು ಸಲ ನೋಡಿದಳು. “ಇದು ಉಲಿ ಮಕದ್ದು” ಎಂದಳು.

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಮುಂದೆ ಅಗಲವಾಗಿ ಹಿಂದೆ ಕಿರಿದಾಗುವ ಜಾಗ ಹುಲಿಮುಖದ್ದು. ಅಂಗಡಿ ಇಟ್ಟರೆ ಆದೀತು, ಸಂಸಾರಕ್ಕೆ ಆಗುವುದಿಲ್ಲ. ಮುಂದೆ ಕಿರಿದಾಗಿ ಹಿಂದೆ ಅಗಲವಾಗುವುದು ಹಸುಮುಖ. ಅದರಲ್ಲಿ ಮಕ್ಕಳುಮರಿ ತಣ್ಣಗಿರುತ್ತವೆ. ಅಜ್ಜಿಗೆ ಇದು ಬರೀ ನಂಬಿಕೆಯಾಗಿರಲಿಲ್ಲ. ಅವಳು ಮದುವೆಯಾಗಿ ಬಂದ ಹಳೆಯ ಮನೆಯೂ ಹುಲಿಮುಖದ್ದೇ. ಅಲ್ಲಿ ಅವಳು ಚಿಕ್ಕವಯಸ್ಸಿಗೇ ತಾಳಿ ಕಳೆದುಕೊಂಡಿದ್ದಳು. ಮೇಲಾಗಿ ನನ್ನ ಬೆನ್ನಿಗೆ ಹುಟ್ಟಿದ ಎರಡು ಕೂಸುಗಳೂ ಆ ಮನೆಯಲ್ಲೇ ಹೋದದ್ದು. ಎಲ್ಲವನ್ನೂ ಅವಳು ಆ ಮನೆಯ ಅಗಲದ ಮುಂಭಾಗದ ತಲೆಗೆ ಕಟ್ಟಿದ್ದಳು.

ಹಳೆಯ ಮನೆಗೆ ವಾಪಸಾದ ಮೇಲೆ ಅಪ್ಪ ಒಳಗಿನಿಂದ ಒಂದು ರಟ್ಟಿನ ತ್ರಾಪಿಜ್ಯ ತಂದು ಅಜ್ಜಿಯ ಮುಂದೆ ನೆಲದ ಮೇಲಿಟ್ಟ. ಅಗಲದ ಬದಿಯನ್ನು ಅವಳ ಕಡೆಗೆ ತಿರುಗಿಸಿದ. ಆಮೇಲೆ ಕಿರಿದಾದ ಬದಿಯನ್ನು ತಿರುಗಿಸಿದ.

“ನೋಡವ್ವ, ಅದೇ ರಟ್ಟು. ಅಷ್ಟೇ ಜಾಗ. ಎತ್ತ ತಿರುಗಿಸಿದ್ರೂ ಒಂದು ಅಂಗುಲ ಎಚ್ಚು ಕಮ್ಮಿ ಆಗಾಕಿಲ್ಲ. ಇದ್ರಲ್ಲಿ ಮಕ ಎಲ್ಲದೆ ತೋರ್ಸು.”

“ನಿನ್ ರಟ್ಟಿಗೆ ಮಕ ಇಲ್ದೆ ಇರ್ಬೋದು ಕಣ್ಲಾ” ಎಂದಳು ಅಜ್ಜಿ. “ಮನೆಗೆ ಬಾಗ್ಲು ಅದಲ್ಲ? ಬಾಗ್ಲು ಎತ್ತಗೋ ಮಕ ಅತ್ತಗೆ. ಬಾಗ್ಲ ನಾಲೆ ಕಡಿಕೆ ಮಡಗು, ಅಸಿನ ಮಕ ಆಯ್ತದೆ.”

ಅಪ್ಪ ರಟ್ಟನ್ನು ಇನ್ನೊಂದು ಸಲ ತಿರುಗಿಸಿ ನೋಡಿದ. ನನಗಂತೂ ಅಜ್ಜಿಯದೇ ಗೆಲುವು ಅನ್ನಿಸಿತು. ಬಾಗಿಲ ಬಳಿ ನಿಂತು ಕೇಳುತ್ತಿದ್ದ ಅಮ್ಮ ಮಾತ್ರ ಒಪ್ಪಲಿಲ್ಲ. ಅಮ್ಮ ಅತ್ತೆಗೆ ಎದುರಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಅತ್ತೆ, ಅತ್ತಗೆ ಬಾಗ್ಲಿಟ್ರೆ ನಾಲೆ ಕಾಲ್ಬುಡಕ್ಕೇ ಬತ್ತದೆ. ಮಗ ಓಡಾಡೋ ಮನೆ. ರಸ್ತೆ ಕಡಿಕೇ ಇರ್ಲಿ ಬುಡಿ.”

“ಮಗೀಗೋಸ್ಕರಾನೇ ಕಣವ್ವ ನಾ ಬಡ್ಕೊತಿರಾದು! ಉಲಿ ಮಕದ ಮನೇಲಿ ಗಂಡ್ಮಕ್ಕಳು ಬಾಳಾಕಿಲ್ಲ. ನಾ ಕಂಡಿವ್ನಿ. ನೀ ಕಂಡಿಲ್ವಾ?”

ಅಮ್ಮ ಎರಡು ಕೂಸುಗಳನ್ನು ಮಣ್ಣಿಗಿಟ್ಟವಳು. ಒಳಗೆ ಹೋದಳು. ಅಜ್ಜಿ ಬೇರೆ, ಬಾಗಿಲು ರಸ್ತೆಗಿಟ್ಟರೆ ತಾನು ಹಳೆಯ ಮನೆಯ ಕೊಟ್ಟಿಗೆಯಲ್ಲೇ ಇರುತ್ತೇನೆ, ನೀವು ನಿಮ್ಮ ಹುಲಿಯ ಬಾಯೊಳಗೆ ಹೋಗಿ ಎಂದು ಊಟ ಬಿಟ್ಟು ಕೂತಳು. ಗೋಡೆ ಕಟ್ಟಲು ಬಂದವನೂ ಅಜ್ಜಿಯ ಕಡೆಗೇ ಸೇರಿಕೊಂಡ. ಅಪ್ಪ ಸೋತ. ಊರಿನವರಿಗೆಲ್ಲ ಲೆಕ್ಕ ಹೇಳಿಕೊಡುವ ಮೇಷ್ಟ್ರು ಮನೆಯಲ್ಲಿ ಪಾಸಾಗಲಿಲ್ಲ ಎಂದು ಊರವರು ತಮಾಷೆ ಮಾಡಿದರು.

ಹೀಗೆ ಮನೆ ಎದ್ದಿತು. ಮಣ್ಣಿನ ಗೋಡೆ, ನಾಡಹೆಂಚು. ಮನೆ ಆಯತಾಕಾರವಾದ್ದರಿಂದ ಎರಡು ಪಕ್ಕದಲ್ಲೂ ಒಂದೊಂದು ಉದ್ದನೆಯ ತ್ರಿಕೋನದ ನೆಲ ಮಿಕ್ಕಿತು. ಅಪ್ಪ ಅದನ್ನೂ ಬಿಡದೆ ಸ್ಕೂಲಿನ ಮಕ್ಕಳನ್ನು ಕರೆತಂದು, ತ್ರಾಪಿಜ್ಯದಿಂದ ಆಯತ ಕಳೆದರೆ ಏನು ಉಳಿಯುತ್ತದೆ ಎಂದು ತೋರಿಸಿದ. ಒಂದು ತ್ರಿಕೋನದಲ್ಲಿ ಅಜ್ಜಿ ಪೂಜೆಗೆ ದಾಸವಾಳ ಹಾಕಿದಳು, ಇನ್ನೊಂದರಲ್ಲಿ ಅಮ್ಮ ಹೀರೆ ಬಳ್ಳಿ ಹಬ್ಬಿಸಿದಳು. ರಸ್ತೆಯ ಕಡೆ ಒಂದು ಸಣ್ಣ ಹಿತ್ತಿಲ ಬಾಗಿಲಷ್ಟೆ. ಹೆಬ್ಬಾಗಿಲು ನಾಲೆಯ ಕಡೆ, ಅಲ್ಲಿಂದ ಅಂಗಳಕ್ಕೆ ಇಳಿಯಲು ಮೆಟ್ಟಿಲು.

ಅಮ್ಮನ ಮಾತು ಅಪ್ಪನ ತಲೆಯಲ್ಲಿ ಇದ್ದೇ ಇತ್ತು. ಅಂಗಳದ ಸುತ್ತ ಮುಳ್ಳುಬೇಲಿ ಹಾಕಿಸಿದ, ಬೇಲಿಗೆ ಬಿದಿರಿನ ಗೇಟು ಕಟ್ಟಿಸಿದ. ನಾಲ್ಕು ಗಳುವಿನ ಚೌಕಟ್ಟು, ನಡುವೆ ಸೀಳು ಬಿದಿರಿನ ತಡಿಕೆ. ಬೇಸಿಗೆ ಕಳೆಯುವಷ್ಟರಲ್ಲಿ ಗೇಟಿನ ಮೊಳೆಗಳು ಸಡಿಲಾಗಿ ಅದು ಕೆಳಕ್ಕೆ ವಾಲಿತು. ಅಗಣಿ ತೂತಿಗೆ ಕೂರದಾಯಿತು. “ಒಂದು ಅಡ್ಡಪಟ್ಟಿ ಹೊಡೆದ್ರೆ ನಿಂತ್ಕೊತದೆ, ಬರೋ ಭಾನುವಾರ ಹೊಡಿತೀನಿ” ಎಂದು ಅಪ್ಪ ಹೇಳುತ್ತಲೇ ಇದ್ದ. ಯಾರಿಗೂ ಅವಸರವಿರಲಿಲ್ಲ. ಆಗ ನಾಲೆ ಒಣಗಿತ್ತು. ಬೇಸಿಗೆಯಿಡೀ ಅದರ ಮರಳಿನಲ್ಲೇ ನಮ್ಮ ಆಟ. ತಮ್ಮನೂ ನನ್ನ ಸೊಂಟದ ಮೇಲೆ ಬಂದು ಅಲ್ಲಿ ಕೂತು ಮರಳು ತೂರುತ್ತಿದ್ದ. ನಾಲೆಯೆಂದರೆ ಅವನಿಗೆ ಆಟದ ಬಯಲೇ ಹೊರತು ಬೇರೇನೂ ಅಲ್ಲ.

ಆಷಾಢದಲ್ಲಿ ನಾಲೆಗೆ ನೀರು ಬಿಟ್ಟರು. ಊರಿಗೆಲ್ಲ ಸಂತೋಷ. ಸಸಿಮಡಿ, ಉಳುಮೆ, ಎಲ್ಲರೂ ಗದ್ದೆಯಲ್ಲೇ.

ನಾನು ಆ ಸಂಜೆ ಅಪ್ಪನ ಜೊತೆ ಸ್ಕೂಲಿನಲ್ಲಿದ್ದೆ. ಮಾರನೆಯ ದಿನ ಇನ್ಸ್‌ಪೆಕ್ಟರು ಬರುವವರಿದ್ದರು. ದೊಡ್ಡ ಹಾಳೆಗಳ ಮೇಲೆ ಬಣ್ಣದ ಆಕಾರಗಳನ್ನು ಅಂಟಿಸಿ ಗೋಡೆಗೆ ಹಾಕುತ್ತಿದ್ದೆವು. ಯಾರೋ ಬಾಗಿಲಲ್ಲಿ ನಿಂತು, “ಮೇಷ್ಟ್ರೆ, ಬನ್ನಿ ಮನೆತಾವ” ಎಂದರು. ಯಾಕೆ ಎಂದು ಅಪ್ಪ ಕೇಳಿದ. ಅವರು ಆಗಲೇ ತಿರುಗಿ ಹೊರಟಿದ್ದರು. ಅಪ್ಪ ಅಂಟು ಮೆತ್ತಿದ್ದ ಕೈಯಲ್ಲೇ ಓಡಿದ.

ನಡೆದದ್ದನ್ನು ಆಮೇಲೆ ಎಷ್ಟು ಜನ ಎಷ್ಟು ಸಲ ಹೇಳಿದರೋ. ದೀಪ ಹಚ್ಚುವ ಹೊತ್ತಿಗೆ ಹಿಂಬಾಗಿಲು ಮುಚ್ಚಿ ಮುಂಬಾಗಿಲು ತೆರೆದಿಡುವುದು ನಮ್ಮಲ್ಲಿ ಎಲ್ಲರ ಮನೆಯ ಪದ್ಧತಿ. ಲಕ್ಷ್ಮಿ ಮುಂದಿನಿಂದ ಬರಬೇಕು, ಹಿಂದಿನಿಂದ ಹೋಗಬಾರದು. ಅಜ್ಜಿ ಹಿತ್ತಿಲ ಬಾಗಿಲಿಗೆ ಅಗಣಿ ಹಾಕಿ, ನಾಲೆಯ ಕಡೆಯ ಬಾಗಿಲು ತೆಗೆದು, ಹೊಸಲ ಹತ್ತಿರ ದೀಪವಿಟ್ಟಳು. ತಮ್ಮ ಅವಳ ಸೀರೆಯ ಚುಂಗು ಹಿಡಿದುಕೊಂಡೇ ಇದ್ದ. ಅವಳು ಕಣ್ಣು ಮುಚ್ಚಿ ಕೈಮುಗಿದಳು. ಕಣ್ಣು ತೆರೆದಾಗ ಅವನಿರಲಿಲ್ಲ. ಅಡುಗೆಮನೆಗೆ ತಾಯಿಯ ಹತ್ತಿರ ಹೋಗಿರಬೇಕೆಂದು ಅಜ್ಜಿ ಎಲೆಅಡಿಕೆ ಹಾಕಿಕೊಂಡು ಕೂತಳು. ಅಮ್ಮ ಮುದ್ದೆ ತಿರುವುತ್ತಿದ್ದಳು. ಮಗು ಅಜ್ಜಿಯ ಹತ್ತಿರವಿದೆ ಎಂದುಕೊಂಡಿದ್ದಳು ಎಂದು ಎಲ್ಲರೂ ಹೇಳಿದರು. ವಾಲಿದ ಗೇಟಿನ ಮೂಲೆಯಲ್ಲಿ ಒಂದು ಮಗು ನುಸುಳುವಷ್ಟು ಸಂದು ಬಿಟ್ಟಿತ್ತು. ಕೆಳಗಿನ ತೂಬಿನ ಹತ್ತಿರ ಎತ್ತು ತೊಳೆಯುತ್ತಿದ್ದವರ ಕೈಗೆ ಅವನು ಸಿಕ್ಕಿದ.

ನಾನು ನೋಡಿದೆ. ನಿದ್ದೆ ಮಾಡುವವನ ಹಾಗಿದ್ದ ಎಂದು ಹಿರಿಯರು ನನಗೆ ಹೇಳಿದರು. ಇಲ್ಲ, ಹಾಗಿರಲಿಲ್ಲ. ಆ ಸುಳ್ಳಿಗೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಗುಣಿಯ ಅಳತೆಯನ್ನು ಸತ್ತವರ ಪಾದದಿಂದಲೇ ತೆಗೆಯಬೇಕು. ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ಯನವರು ಒಂದು ದರ್ಭೆಯ ಕಡ್ಡಿಯನ್ನು ತಮ್ಮನ ಅಂಗಾಲಿಗೆ ಹಿಡಿದು, ಹಿಮ್ಮಡಿಯಿಂದ ಹೆಬ್ಬೆರಳಿನ ತನಕ ಅಳೆದು ಮುರಿದರು. ಆ ಕಡ್ಡಿ ನನ್ನ ಗೇಣಿಗಿಂತಲೂ ಗಿಡ್ಡ. ಅದರಿಂದ ಇಷ್ಟು ಪಾದ ಅಗಲ, ಇಷ್ಟು ಪಾದ ಉದ್ದ ಎಂದು ನೆಲದ ಮೇಲೆ ಚೌಕ ಗುರುತು ಹಾಕಿದರು. ಗುಣಿ ತೆಗೆಯುತ್ತಿದ್ದವನಿಗೆ ಪಾಪ, ಯಾವ ಕೆಲಸಕ್ಕೂ ಮೇಷ್ಟ್ರನ್ನು ಕೇಳಿ ರೂಢಿ. ತಲೆಯೆತ್ತಿ, “ಮೇಷ್ಟ್ರೆ, ಮೂಲೆ ಸರಿಯಾಗದಾ ನೋಡಿ” ಎಂದುಬಿಟ್ಟ. ಸುತ್ತ ನಿಂತವರು ಅವನನ್ನು ಗದರಿಸಿದರು. ಅಪ್ಪ ಮುಂದೆ ಬಂದು ಬಗ್ಗಿ ನಾಲ್ಕೂ ಮೂಲೆ ನೋಡಿದ. “ಸರಿಯಾಗದೆ” ಎಂದ.

ಮಾರನೆಯ ಬೆಳಿಗ್ಗೆ ಟಕಟಕ ಸದ್ದಿಗೆ ಎಚ್ಚರವಾಯಿತು. ಹೊರಗೆ ಬಂದು ನೋಡಿದರೆ ಅಪ್ಪ ಗೇಟಿಗೆ ಅಡ್ಡಪಟ್ಟಿ ಹೊಡೆಯುತ್ತಿದ್ದ. ಈ ಮೂಲೆಯಿಂದ ಆ ಮೂಲೆಗೆ ಒಂದು ಪಟ್ಟಿ, ಅದರ ಮೇಲೆ ಇನ್ನೊಂದು, ಮತ್ತೂ ಒಂದು. ಮೊಳೆ ಮುಗಿದ ಮೇಲೂ ಸುತ್ತಿಗೆ ಬಡಿಯುತ್ತಿದ್ದ. ನಾನು ಹೋಗಿ ತೋಳು ಹಿಡಿದುಕೊಂಡಾಗ ನಿಲ್ಲಿಸಿದ.

ಅಮ್ಮ ಆ ದಿನದಿಂದ ಅಜ್ಜಿಯ ಜೊತೆ ಮಾತು ಬಿಟ್ಟಳು. ಕೆಲಸದಲ್ಲಿ ಒಂದು ಕೂದಲಷ್ಟೂ ಕೊರತೆಯಿಲ್ಲ. ಸ್ನಾನಕ್ಕೆ ಬಿಸಿನೀರು, ಪೂಜೆಗೆ ಹೂವು, ಹೊತ್ತುಹೊತ್ತಿಗೆ ತಟ್ಟೆ. ಮಾತು ಮಾತ್ರವಿಲ್ಲ. ಅಜ್ಜಿ ಏನಾದರೂ ಕೇಳಿದರೆ ತಲೆಯಾಡಿಸುತ್ತಿದ್ದಳು, ಇಲ್ಲವೆ ನನ್ನ ಕಡೆ ನೋಡುತ್ತಿದ್ದಳು; ನಾನು ಉತ್ತರ ಹೇಳಬೇಕು. ಅತ್ತೆಯನ್ನು ಕ್ಷಮಿಸಲಾರಳು, ಯಾಕೆ ಕ್ಷಮಿಸಬೇಕು ಎಂದು ಊರಿನ ಹೆಂಗಸರು ನಾಲೆಯ ಸೋಪಾನದ ಮೇಲೆ ಬಟ್ಟೆ ಒಗೆಯುತ್ತ ಮಾತಾಡಿಕೊಂಡರು. ಬಾಗಿಲು ರಸ್ತೆಗಿರಲಿ ಎಂದು ಅಮ್ಮ ಹೇಳಿದ್ದು ಅವರಿಗೆಲ್ಲ ಗೊತ್ತಿತ್ತು.

ತಿಂಗಳು ತುಂಬುವ ಮೊದಲೇ ಅಪ್ಪ ಗೋಡೆ ಒಡೆಸಿ ಹೆಬ್ಬಾಗಿಲನ್ನು ರಸ್ತೆಯ ಕಡೆಗೆ ತಿರುಗಿಸಿದ. ನಾಲೆಯ ಕಡೆಗೆ ಸಂಪೂರ್ಣ ಗೋಡೆ ಎದ್ದಿತು.  ಒಡೆದ ಮಣ್ಣನ್ನು ಅಜ್ಜಿ ಮಂಕರಿಗೆ ತುಂಬಿ ತಾನೇ ಹೊತ್ತು ಹಾಕಿದಳು. ಯಾರು ಬೇಡವೆಂದರೂ ಕೇಳಲಿಲ್ಲ. ಈಗ ನಮ್ಮದು ಶುದ್ಧ ಹುಲಿಮುಖದ ಮನೆ.

ಇನ್ನು ಹೇಳಬೇಕಾದ್ದು ಕಷ್ಟದ್ದು. ಆ ಹುಲಿಮುಖದ ಮನೆಯಲ್ಲಿ ಆಮೇಲೆ ಯಾವ ಕೆಡುಕೂ ಆಗಲಿಲ್ಲ. ಹಸು ಕರು ಹಾಕಿತು. ಭತ್ತ ಚೆನ್ನಾಗಿ ಬಂತು. ಅಪ್ಪ ಹೆಡ್‌ಮೇಷ್ಟ್ರಾದ. ನಾನು ಪರೀಕ್ಷೆಗಳಲ್ಲಿ ಮೊದಲು ಬಂದೆ. ಒಂದೊಂದು ಒಳ್ಳೆಯದಾದಾಗಲೂ ಅಜ್ಜಿ ಇನ್ನಷ್ಟು ಕುಗ್ಗಿದಳು. ಬೇರೆಯವರ ಮನೆಯಲ್ಲಿ ಸುಖ ಬಂದರೆ ಮುದುಕರು ದೇವರಿಗೆ ಕೈಮುಗಿಯುತ್ತಾರೆ. ನಮ್ಮಜ್ಜಿಗೆ ಬಂದ ಪ್ರತಿಯೊಂದು ಸುಖವೂ, ನೀನು ಹೇಳಿದ್ದು ಸುಳ್ಳು, ಸುಮ್ಮನೆ ಮಗುವನ್ನು ಕಳೆದೆ ಎಂದು ಹೇಳುತ್ತಿತ್ತು.

ಒಂದು ಸಲ ನನಗೆ ಜ್ವರ ಬಂದು ಏರಿತು. ಮೈಮೇಲೆ ಎಚ್ಚರವಿಲ್ಲ, ಆದರೆ ಮಾತು ಕೇಳುತ್ತಿತ್ತು. ಅಜ್ಜಿ ನನ್ನ ಹಣೆ ಮುಟ್ಟಿದವಳೇ, “ನೋಡುದ್ರಾ? ಉಲಿ ಮಕ! ನಾ ಯೋಳ್ಲಿಲ್ವಾ?” ಎಂದಳು. ಆ ದನಿಯಲ್ಲಿ ಹೆದರಿಕೆ ಇರಲಿಲ್ಲ. ಹೊರೆ ಇಳಿಸಿದವರು ಉಸಿರು ಬಿಡುವ ಹಾಗಿತ್ತು. ಮರುಕ್ಷಣವೇ ತಾನೇನು ಅಂದೆ ಎಂದು ಅವಳಿಗೆ ತಿಳಿಯಿತು. ತನ್ನ ಬಾಯಿಗೆ ತಾನೇ ಪಟಪಟ ಹೊಡೆದುಕೊಂಡಳು. ನನ್ನ ಕಾಲು ತಬ್ಬಿಕೊಂಡು, “ನಿಂಗೇನೂ ಆಗ್ಬಾರ್ದು ಕಣವ್ವ, ಈ ಮುದಿಮುಂಡೆ ನಾಲಿಗೆಗೆ ಉಳ ಬೀಳ” ಎಂದು ಗೋಳಾಡಿದಳು. ಅಮ್ಮ ಒದ್ದೆ ಬಟ್ಟೆ ಹಿಂಡುತ್ತ ಅಲ್ಲೇ ಕೂತಿದ್ದಳು. ಅವಳು ಅಜ್ಜಿಯ ಕೈ ಹಿಡಿಯಲಿಲ್ಲ, ಬೇಡ ಎನ್ನಲೂ ಇಲ್ಲ. ನನಗೆ ಆಗ ಅಮ್ಮನ ಮೇಲೆ ಎಷ್ಟು ಕೋಪ ಬಂತೆಂದರೆ, ಜ್ವರ ಬಿಟ್ಟ ಮೇಲೂ ಅದು ಬಿಡಲಿಲ್ಲ.

ಅಪ್ಪನಲ್ಲಿ ಹೊರಗೆ ಕಾಣುವ ಬದಲಾವಣೆ ಒಂದೇ. ನಾನು ಅವನ ತರಗತಿಗೆ ಬಂದ ವರ್ಷ ತ್ರಿಕೋನ ಆಯಿತು, ಚೌಕ ಆಯಿತು, ಆಯತದ ಕರ್ಣಗಳು ಸಮ ಎಂದು ಅಳೆದು ನೋಡಿದ್ದಾಯಿತು, ಚೌಕದ ಕರ್ಣಗಳು ಒಂದನ್ನೊಂದು ಲಂಬವಾಗಿ ಕತ್ತರಿಸುವುದನ್ನು ಕಾಗದ ಮಡಿಸಿ ಕಂಡದ್ದಾಯಿತು. ಮುಂದಿನ ಪಾಠ ತ್ರಾಪಿಜ್ಯ. ಅಪ್ಪ ಪುಟ ತಿರುವಿ, “ಇದು ಬುಡಿ, ಪರೀಕ್ಷೆಗೆ ಬರಲ್ಲ” ಎಂದು ವೃತ್ತಕ್ಕೆ ಹೋದ. ಮಕ್ಕಳಿಗೆ ಖುಷಿಯೋ ಖುಷಿ. ಅದನ್ನು ಎರಡು ತ್ರಿಕೋನಗಳಾಗಿ ಸೀಳಿ ವಿಸ್ತೀರ್ಣ ಕಂಡುಹಿಡಿಯಬಹುದು ಎಂದು ನಾನು ಪುಸ್ತಕ ನೋಡಿಕೊಂಡು ನಾನೇ ಕಲಿತೆ. ಅಪ್ಪನಿಗೆ ತೋರಿಸಲಿಲ್ಲ.

ನಾನು ಹೈಸ್ಕೂಲಿಗೆಂದು ಕೃಷ್ಣರಾಜನಗರದಲ್ಲಿ ನೆಂಟರ ಮನೆಯಲ್ಲಿದ್ದಾಗ ಅಜ್ಜಿಗೆ ಕಾಯಿಲೆ ಜೋರಾಗಿದೆ ಎಂದು ಹೇಳಿ ಕಳಿಸಿದರು. ಬಂದು ನೋಡಿದರೆ ನಡುಮನೆಯಲ್ಲಿ ಚಾಪೆಯ ಮೇಲೆ ಒಂದು ಹಿಡಿಯಾಗಿದ್ದಳು. ಮಧ್ಯಾಹ್ನದ ಬಿಸಿಲು ರಸ್ತೆಯ ಬಾಗಿಲಿನಿಂದ ಅವಳ ಕಾಲಿನ ತನಕ ಬಿದ್ದಿತ್ತು. ಅಪ್ಪ ತಲೆಯ ಹತ್ತಿರ ಕೂತಿದ್ದ. ಅಮ್ಮ ಕಂಬಕ್ಕೆ ಒರಗಿ ನಿಂತಿದ್ದಳು.

“ಮಗ, ನಾನೇ ಅಲ್ವಾ?” ಎಂದಳು ಅಜ್ಜಿ. ಯಾವುದರ ಮಾತೆಂದು ಯಾರೂ ಕೇಳಬೇಕಾಗಿರಲಿಲ್ಲ.

ಅಪ್ಪ ಬಗ್ಗಿ ಅವಳ ಕಿವಿಯ ಹತ್ತಿರ ಹೇಳಿದ, “ಇಲ್ಲ ಕಣವ್ವ. ನೀ ಯೋಳಿದ್ದೇ ದಿಟ. ಆ ಜಾಗವೇ ಉಲಿ ಮಕದ್ದು. ಬಾಗ್ಲು ಎತ್ತ ತಿರುಗ್ಸಿದ್ರೂ ಅದ್ರ ಮಕ ತಿರುಗ್ತಿರ್ಲಿಲ್ಲ. ನಿಂದೇನೂ ಇಲ್ಲ.”

ನಾನು ಬೆಚ್ಚಿದೆ. ರಟ್ಟು ತಿರುಗಿಸಿ ತಿರುಗಿಸಿ ಮುಖವಿಲ್ಲ ಎಂದು ತೋರಿಸಿದ್ದವನು ಇವನೇ. ಒಂದು ಸುಳ್ಳು ಲೆಕ್ಕವನ್ನು ಅಪ್ಪನ ಬಾಯಲ್ಲಿ ಅದಕ್ಕೆ ಮೊದಲು ನಾನು ಕೇಳಿರಲಿಲ್ಲ. ಅಜ್ಜಿ ಸ್ವಲ್ಪ ನಕ್ಕಳು.

“ನಿನ್ನ ಇಸ್ಕೂಲಲ್ಲೂ ಇಂಗೇ ಯೋಳ್ಕೊಡ್ತೀಯಾ? ನಂಗೋಸ್ಕರ ಸುಳ್ಳಾಡ್ಬ್ಯಾಡ ಬುಡು, ಮಗ.” ಆಮೇಲೆ ಕಣ್ಣನ್ನು ಕಂಬದ ಕಡೆಗೆ ಹೊರಳಿಸಿದಳು. “ನೀ ಒಂದು ಮಾತಾಡವ್ವ. ಬಯ್ಯಿ. ಬಯ್ದಾದ್ರೂ ಕಳ್ಸು ನನ್ನ.”

ಅಮ್ಮ ಕಂಬ ಬಿಟ್ಟು ಬಂದು ಚಾಪೆಯ ಪಕ್ಕ ಕೂತಳು.  ಬಂದ ದನಿ ನನಗೆ ಗುರುತೇ ಸಿಗಲಿಲ್ಲ.

“ನಂಗೆ ಕೇಳಿಸ್ತು, ಅತ್ತೆ.”

“ಏನವ್ವ?”

“ಅವ್ನು ಮೆಟ್ಲು ಇಳ್ದಿದ್ದು. ನಿಂತ್ಕಂಡು ಇಳಿಯಾಕೆ ಬತ್ತಿರ್ಲಿಲ್ವಲ್ಲ, ಕುಂಡಿ ಊರ್ಕೊಂಡು ದೊಪ್ಪ ದೊಪ್ಪ ಅಂತ ಇಳಿತಿದ್ನಲ್ಲ. ಆ ಸದ್ದು ನಂಗೆ ಒಲೆ ಮುಂದ್ಕೇ ಕೇಳಿಸ್ತು. ಆಚೆಗೋದ ಅಂತ ಗೊತ್ತಾಯ್ತು. ಮುದ್ದೆ ಇಟ್ಟಿಗೆ ಕೋಲಾಕಿದ್ದೆ, ಅತ್ತೆ. ಬುಟ್ಟೋದ್ರೆ ಗಂಟಾಯ್ತದೆ, ಒಂದ್ ಗಳಿಗೆ ತಿರುವ್ಬುಟ್ಟು ಓಗನಾ ಅಂದ್ಕಂಡೆ.” ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಮತ್ತೆ ತೆಗೆದಳು. “ನಿಮ್ಮ ಮೇಲೆ ಕ್ವಾಪ ಅಲ್ಲ. ನಿಮ್ ತಾವ ಬಾಯ್ಬುಟ್ರೆ ಇದೇ ಬಂದ್ಬುಡ್ತದೆ ಅಂತ ಎದ್ರಿಕೆ.”

 ನಾನು ಅಮ್ಮನನ್ನೇ ನೋಡುತ್ತಿದ್ದೆ. ಅಷ್ಟು ವರ್ಷ ನಾವೆಲ್ಲ ಅವಳ ಮೌನವನ್ನು ಹಟ ಎಂದುಕೊಂಡಿದ್ದೆವು.

ಅಜ್ಜಿ ಮಾತ್ರ ತಡಮಾಡಲಿಲ್ಲ. ಒಂದು ಕೈಯೂರಿ ಏಳಲು ಹೋದಳು, ಆಗಲಿಲ್ಲ. ಮಲಗಿದಲ್ಲಿಂದಲೇ ಅಮ್ಮನ ಕೈಬಳೆ ಹಿಡಿದು ಹತ್ತಿರಕ್ಕೆ ಎಳೆದಳು.

“ಇಲ್ಲ ಕಣವ್ವ. ನಿಂಗೆ ಕೇಳಿಸಿಲ್ಲ. ಒಲೆ ಮುಂದಿದ್ದೋಳ್ಗೆ ಏನ್ ಕೇಳಿಸ್ತದೆ? ಸೌದೆ ಸಿಡಿದಿದ್ದು ಅದು. ಅಸಿ ಸೌದೆ ಇದ್ದೋ ಅವತ್ತು, ನಂಗೆ ಗ್ಯಾನ ಅದೆ. ಬಾಗ್ಲು ಅತ್ತಗೆ ಮಡ್ಗಿಸ್ದೋಳು ನಾನು, ತಗ್ದೋಳು ನಾನು, ಕಣ್ಮುಚ್ಕಂಡು ನಿಂತಿದ್ದೋಳೂ ನಾನು. ನಿಂಗೆ ಇದ್ರಲ್ಲಿ ಏನೂ ಇಲ್ಲ. ಅಂಗಂತ ಅನ್ನು.”

ಅಮ್ಮ ಅನ್ನಲಿಲ್ಲ.

“ಅನ್ನು ಕಣವ್ವ. ನಾನು ಓಗ್ತಾ ಇವ್ನಿ, ಇದೂ ನಂಜೊತೆ ಓಗ್ಲಿ. ನೀ ಇನ್ನೂ ಬಾಳ್ಬೇಕು.”

ಅಮ್ಮ ಅವಳ ಎದೆಯ ಮೇಲೆ ಮುಖವಿಟ್ಟು “ಅತ್ತೆ” ಎಂದಳು. ಮತ್ತೆ “ಅತ್ತೆ, ಅತ್ತೆ” ಎಂದಳು. ಅಜ್ಜಿ ಅವಳ ಬೆನ್ನು ಸವರುತ್ತ, ಸೌದೆಯ ಸದ್ದೇ ಅದು ಎಂದು ಮಗುವಿಗೆ ಹೇಳುವ ಹಾಗೆ ಹೇಳುತ್ತಲೇ ಇದ್ದಳು, ದನಿ ನಿಲ್ಲುವ ತನಕ.